ಸರ್ವಮಂಗಳೆ ಉಟ್ಟ ಸೀರೆ

ಕಲ್ಲೇಶಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ, ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದ ಹೊತ್ತಿನಲ್ಲಿ. ಹರಿಹರದ ನಮ್ಮ ಮನೆಯ ಎದುರಿಗೆ ಖಾಜಾ ಹುಸೇನನ ಟೆಲಿಫೋನ್ ಬೂತು ಇತ್ತು. ನನಗೆ ಯಾರ ಫೋನು ಬಂದರೂ ಅವನು ಬೂತಿನ ಬಾಗಿಲಲ್ಲೇ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಆ ದಿನ ಕೂಗಲಿಲ್ಲ. ರಸ್ತೆ ದಾಟಿ, ಚಪ್ಪಲಿ ಬಿಟ್ಟು, ನಡುಮನೆಗೆ ಬಂದು ಸುಮ್ಮನೆ ನಿಂತ. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಯಾರು ಎಂಬುದನ್ನಷ್ಟೇ ಕೇಳಬೇಕಾಗಿತ್ತು.

ಕಲ್ಲೇಶಪ್ಪ ನನ್ನ ತಂಗಿ ಸರ್ವಮಂಗಳೆಯ ಗಂಡ. ಅದಕ್ಕೂ ಮೊದಲು ನನ್ನ ಗೆಳೆಯ. ದಾವಣಗೆರೆಯ ವಿನೋಬನಗರದಲ್ಲಿ ಅವರ ಮನೆ. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅವನಿಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ನಸುಕಿನಲ್ಲಿ ನೀರು ಕೇಳಿದನಂತೆ. ತಂಗಿ ಲೋಟ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನ ಸಮಾಧಿ ಮಾಡಿ ಬಂದೆವು. ಸಂಜೆ ಹೆಂಗಸರು ಅವಳ ಕೈಬಳೆ ತೆಗೆದರು, ಕುಂಕುಮ ಒರೆಸಿದರು. ಆಗ ಅವಳು ಅಳಲಿಲ್ಲ. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತೆ.

ಕಲ್ಲೇಶಪ್ಪನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಅವನು ಹದಿನಾರನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿ ಹೆಣ್ಣುಪಾತ್ರ ಮಾಡಿದವನು. ಮೊಣಕೈವರೆಗೆ ಹಸಿರು ಬಳೆ, ಕಾಸಗಲ ಕುಂಕುಮ, ಇಳಕಲ್ ಸೀರೆ. ಅವನು ಸೆರಗನ್ನು ಎರಡು ಬೆರಳಲ್ಲಿ ಹಿಡಿದು ರಂಗಕ್ಕೆ ಬಂದರೆ ಮುಂದಿನ ಸಾಲಿನ ಹೆಂಗಸರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕಂಪನಿ ಹರಿಹರದಲ್ಲಿ ಮೊಕ್ಕಾಂ ಮಾಡಿದ್ದಾಗ ಅವನ ತಂದೆ ತೀರಿಕೊಂಡರು. ಮಧ್ಯಾಹ್ನ ಮಣ್ಣು ಹಾಕಿ ಬಂದು ರಾತ್ರಿ ಮದುಮಗಳ ಪಾತ್ರ ಮಾಡಿದ. ಹಣೆಯಲ್ಲಿ ಕುಂಕುಮ, ತಲೆ ತುಂಬ ಮಲ್ಲಿಗೆ. ಊರು ಅವನಿಗೆ ಶಾಲು ಹೊದಿಸಿತು. ಎಂಥ ನಿಷ್ಠೆ ಎಂದು ಕೊಂಡಾಡಿದವರಲ್ಲಿ ನಾನೂ ಒಬ್ಬ.

ಮುಂದೆ ಹೆಣ್ಣುಮಕ್ಕಳೇ ರಂಗಕ್ಕೆ ಬರತೊಡಗಿದಾಗ ಅವನು ತನ್ನ ಪಾತ್ರಗಳನ್ನು ಹೆಂಡತಿಗೆ ಕಲಿಸಿಕೊಟ್ಟು, ತಾನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನಾದ. ನಡೆಯುವುದು, ಕೂರುವುದು, ಸೆರಗು ಹಿಡಿಯುವುದು, ಎಲ್ಲವನ್ನೂ ನನ್ನ ತಂಗಿ ಕಲಿತದ್ದು ಅವನಿಂದ. ಹೆಂಗಸಿಗೆ ಹೆಣ್ತನ ಕಲಿಸಿದ ಗಂಡಸು ಎಂದು ಕಂಪನಿಯವರು ತಮಾಷೆ ಮಾಡುತ್ತಿದ್ದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಸರ್ವಮಂಗಳೆಗೆ ಸಿನಿಮಾದಲ್ಲಿ ತಾಯಿಯ ಪಾತ್ರ ಸಿಕ್ಕಿತು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಆ ಚಿತ್ರ ಬಂತು. ದಾವಣಗೆರೆಯಲ್ಲಿ ಹೆಂಗಸರು ಎರಡು ಸಲ, ಮೂರು ಸಲ ನೋಡಿದರು. ಕಲ್ಲೇಶಪ್ಪ ಮೊದಲ ದಿನವೇ ನನ್ನ ಪಕ್ಕ ಕೂತು ನೋಡಿದ. ಹೊರಗೆ ಬಂದವನು ಹೇಳಿದ್ದು ಒಂದೇ ಮಾತು: ಇವಳ ಹೆಸರನ್ನು ಒಂದು ಸಲ ಈ ಊರಿನ ಜನರ ಮುಂದೆ ಕರೆಯಬೇಕು, ಅದನ್ನು ನಾನು ಕೇಳಬೇಕು. ಐವತ್ತನೆಯ ದಿನಕ್ಕೆ ನಾಯಕ, ನಾಯಕಿ ಬರುತ್ತಾರೆ, ವೇದಿಕೆಗೆ ಎಲ್ಲರನ್ನೂ ಕರೆಯುತ್ತಾರೆ ಎಂದು ಗೊತ್ತಾದಾಗ ಅವನು ದಿನ ಎಣಿಸುತ್ತಿದ್ದ. ಇನ್ನು ಮೂರು ವಾರ ಇರುವಾಗ ಹೋಗಿಬಿಟ್ಟ.

ಸಮಾರಂಭದ ಹಿಂದಿನ ದಿನ ಹಂಚಿಕೆದಾರರ ಕಡೆಯ ಗೋಣೆಪ್ಪ ಎಂಬಾತ ತಂಗಿಯ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ಕೈಯಲ್ಲಿ ದೊಡ್ಡ ಚೀಲ. ಅದರಿಂದ ಹಸಿರು ರೇಷ್ಮೆ ಸೀರೆ, ಎರಡು ಡಜನ್ ಬಳೆ, ಒಂದು ಕುಂಕುಮದ ಭರಣಿ ತೆಗೆದು ಚಾಪೆಯ ಮೇಲಿಟ್ಟ. ಪೋಸ್ಟರಿನಲ್ಲಿ ತಾಯಿ ಹೇಗಿದ್ದಾಳೋ ಹಾಗೆಯೇ ಬರಬೇಕೆಂದು ನಿರ್ಮಾಪಕರು ಹೇಳಿಕಳಿಸಿದ್ದಾರೆ ಎಂದ. ಮಾಸ್ತರರು ತೀರಿಕೊಂಡದ್ದು ತನಗೂ ಗೊತ್ತು, ದುಃಖವೂ ಇದೆ, ಆದರೆ ಮುಂದಿನ ಚಿತ್ರದಲ್ಲೂ ತಾಯಿಯ ಪಾತ್ರ ಇದೆಯಲ್ಲ ಎಂದು ಸೂಚಿಸಿದ.

ಈಗ ಇದ್ದ ಹಾಗೇ ಬಂದರೆ ಆಗದೇ ಎಂದು ತಂಗಿ ಕೇಳಿದಳು.

“ಆಗಂಗಿಲ್ರಿ ಅಮ್ಮಾರೆ. ಐವತ್ತನೇ ದಿನ ಅಂದ್ರ ಶುಭಕಾರ್ಯ. ಬರೀ ಹಣೀಲಿ ಸ್ಟೇಜ್ ಮ್ಯಾಲೆ ನಿಂತ್ರ ಅಮಂಗಳ ಅಂತಾರ ಜನ.”

“ನನ್ನ ಹೆಸರು ಏನಂತ ಬರೆಸೀರಿ ಬೋರ್ಡ್‌ನಾಗ?”

ಗೋಣೆಪ್ಪ ಸರ್ವಮಂಗಳಮ್ಮ ಎಂದು ಬಾಯಿ ತೆರೆದವನು ಅರ್ಧದಲ್ಲೇ ನಿಲ್ಲಿಸಿದ. ಮುಖ ಕೆಂಪಾಯಿತು. ಆದರೂ ಚೀಲ ಬಿಟ್ಟು ಹೋದ.

ಅವನು ಹೋದ ಮೇಲೆ ನಾನು ನನ್ನ ಮಾತು ಹೇಳಿದೆ. ಕುಂಕುಮ ಇಟ್ಟು ಹೋದರೆ ಗಂಡ ಸತ್ತು ತಿಂಗಳಾಗಿಲ್ಲ ಎಂದು ಓಣಿ ನಗುತ್ತದೆ, ಇಡದೆ ಹೋದರೆ ಅವರು ಒಳಗೆ ಬಿಡುವುದಿಲ್ಲ, ಆದ್ದರಿಂದ ಹೋಗುವುದೇ ಬೇಡ ಎಂದೆ. ಶಿವಭಕ್ತನಿಗೆ ಸೂತಕವಿಲ್ಲ ಎಂದು ಊರಿಗೆಲ್ಲ ಹೇಳುವವನು ನಾನು. ಅಂದು ನನ್ನ ತಂಗಿಗೆ ಹೇಳಿದ ಪ್ರತಿ ಮಾತಿನಲ್ಲೂ ಸೂತಕವೇ ತುಂಬಿತ್ತು.

ಅವಳು ಸೀರೆ, ಬಳೆ, ಭರಣಿಯನ್ನು ಮತ್ತೆ ಚೀಲಕ್ಕೆ ತುಂಬಿದಳು.

“ಅಣ್ಣಾ, ಅವ್ರು ತಮ್ಮ ಅಪ್ಪನ್ನ ಮಣ್ಣು ಮಾಡಿ ಬಂದು ಕುಂಕುಮ ಇಟ್ಕೊಂಡ್ರು. ನೀವೆಲ್ಲಾ ಶಾಲು ಹೊದಿಸಿದ್ರಿ. ನನಗ ಶಾಲು ಬ್ಯಾಡ. ಇದ್ದಂಗ ಹೋಗಿ ಇದ್ದಂಗ ಬರ್ತೀನಿ. ನನ್ನ ಹೆಸರು ಕರೀಲಿ, ಅವ್ರ ಆಸೆ ಅದೊಂದು ಇತ್ತು.”



ಮರುದಿನ ಅವಳು ಕೆನೆಬಣ್ಣದ ಹತ್ತಿಯ ಸೀರೆ ಉಟ್ಟಳು. ಹಣೆಗೆ ವಿಭೂತಿ. ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಬಿಟ್ಟರೆ ಬೇರೇನೂ ಇರಲಿಲ್ಲ. ಆಟೋದಲ್ಲಿ ಚಿತ್ರಮಂದಿರಕ್ಕೆ ಹೋದೆವು. ಗೋಣೆಪ್ಪ ಅವಳನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ವೇದಿಕೆಗೆ ಕರೆಯುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಕೈಮುಗಿದು, ಅವಳನ್ನು ಹೆಂಗಸರ ಸಾಲುಗಳ ಕಡೆಗೆ ಕಳಿಸಿದ. ನನ್ನನ್ನು ಮಾತ್ರ ಹಿರಿಯರು ಎಂದು ಮ್ಯಾನೇಜರರ ಕೋಣೆಯಲ್ಲಿ ಕೂರಿಸಿದ.

ನಾಯಕಿ ಆಗಲೇ ಅಲ್ಲಿದ್ದಳು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸಿನ ಹುಡುಗಿ. ಪೋಸ್ಟರಿನಲ್ಲಿ ಅವಳ ಮೈಮೇಲೆ ಬಟ್ಟೆ ಕಡಿಮೆ. ಇಲ್ಲಿ ಮದುವೆ ಹೆಣ್ಣಿನಂತೆ ಭಾರದ ಸೀರೆ, ಜಡೆ ತುಂಬ ಹೂ. ಒಬ್ಬಾಕೆ ಅವಳ ಸೆರಗಿಗೆ ಪಿನ್ನು ಹಾಕುತ್ತಲೇ ಇದ್ದಳು. ಪರದೆಯ ಮೇಲೆ ಹಾಗಿರಬೇಕು, ಜನರ ಮುಂದೆ ಹೀಗಿರಬೇಕು; ಎರಡನ್ನೂ ಬೇರೆ ಯಾರೋ ನಿರ್ಧರಿಸಿದ್ದರು. ಪಾಪ, ಬೆವರಿ ಹೋಗಿದ್ದಳು. ಕುಡಿಯಲು ನೀರು ಕೇಳಿದರೆ ತುಟಿಬಣ್ಣ ಹೋಗುತ್ತದೆ ಎಂದರು.

ಆಮೇಲೆ ನಾಯಕ ಬಂದ. ಹದಿನೈದು ದಿನ ಕ್ಷೌರ ಕಾಣದ ಗಡ್ಡ, ಎಣ್ಣೆಯಿಲ್ಲದೆ ಕೆದರಿದ ತಲೆ, ಮಾಸಿದ ಅಂಗಿ, ಮೊಣಕಾಲಿನಲ್ಲಿ ಹರಿದ ಪ್ಯಾಂಟು. ನಮ್ಮ ಕಡೆ ಗಂಡಸು ಹಾಗೆ ಕಾಣುವುದು ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ. ಕಲ್ಲೇಶಪ್ಪನ ನೆನಪೂ ಆಗಿ, ನಾನು ಎದ್ದು ಅವನ ಎರಡೂ ಕೈ ಹಿಡಿದುಕೊಂಡೆ.

“ಮನ್ಯಾಗ ಯಾರು ಹೋದ್ರಪ್ಪಾ? ತಂದೆಯವ್ರಾ?”

ಅವನು ಕಪ್ಪು ಕನ್ನಡಕದೊಳಗಿಂದ ನನ್ನನ್ನು ನೋಡಿ, “ಯಾರೂ ಹೋಗಿಲ್ಲ ಯಜಮಾನ್ರೇ, ಇದು ಮುಂದಿನ ಪಿಕ್ಚರ್ ಗೆಟಪ್ಪು” ಎಂದ. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಸಾವಿಲ್ಲದ ಮನೆಯವನು ಸಾವಿನ ವೇಷದಲ್ಲಿ ಬಂದಿದ್ದಾನೆ, ಹೊರಗೆ ಜನ ಅವನಿಗೆ ಶಿಳ್ಳೆ ಹಾಕುತ್ತಿದ್ದಾರೆ. ಸಾವಾದ ಮನೆಯವಳು ಮದುವೆ ವೇಷದಲ್ಲಿ ಬರಲಿಲ್ಲವೆಂದು ಕತ್ತಲೆಯ ಸಾಲಿನಲ್ಲಿ ಕೂತಿದ್ದಾಳೆ. ನಮ್ಮ ತಂಗಿ ಒಳಗಿದ್ದಾಳೆ, ಅವಳ ಗಂಡ ಹೋದ, ಅದಕ್ಕೇ ಕೇಳಿದೆ ಎಂದು ಹೇಳಿ ಕೈ ಬಿಟ್ಟೆ. ಅವನ ನಗು ನಿಂತಿತು. ಏನೋ ಕೇಳಲು ಬಂದ, ಅಷ್ಟರಲ್ಲಿ ಅವನನ್ನು ವೇದಿಕೆಗೆ ಕರೆದೊಯ್ದರು.

ನಾನು ಬಾಗಿಲ ಬಳಿ ನಿಂತು ನೋಡಿದೆ. ನನ್ನ ಪಕ್ಕದಲ್ಲಿ ಚಿತ್ರಮಂದಿರದ ಮುಂದೆ ಹೂ ಮಾರುವ ಅಂಜಿನವ್ವ ಬುಟ್ಟಿ ಹಿಡಿದು ನಿಂತಿದ್ದಳು. ಹಾರಗಳಾದವು, ಪಟಾಕಿ ಆಯಿತು. ಇನ್ನೇನು ಮುಗಿಯಬೇಕು, ಆಗ ಹೆಂಗಸರ ಕಡೆಯಿಂದ ಒಬ್ಬಳು ತಾಯಿ ಎಲ್ಲಿ ಎಂದು ಕೇಳಿದಳು. ಇನ್ನೊಬ್ಬಳು ಕೇಳಿದಳು. ಸ್ವಲ್ಪ ಹೊತ್ತಿನಲ್ಲಿ ಇಡೀ ಆ ಭಾಗವೇ ಕೇಳತೊಡಗಿತು. ಗೋಣೆಪ್ಪ ಮೈಕು ಹಿಡಿದು, ತಾಯಿಯವರಿಗೆ ಮೈ ಸರಿಯಿಲ್ಲ, ಬಂದಿಲ್ಲ ಎಂದ.

ಅಲ್ಲಿಯೇ ಕತ್ತಲಲ್ಲಿ ಸರ್ವಮಂಗಳೆ ಎದ್ದು ನಿಂತಳು.

ಮೊದಲು ಯಾರಿಗೂ ತಿಳಿಯಲಿಲ್ಲ. ಅವಳು ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನಡುವಿನ ದಾರಿಗೆ ಬಂದಳು. ಚಿತ್ರದಲ್ಲಿ ಮನೆ ಬಿಟ್ಟುಹೋದ ಮಗ ವರ್ಷಗಳ ಮೇಲೆ ಹೊಸ್ತಿಲಿಗೆ ಬಂದಾಗ ತಾಯಿ ಆಡುವ ಮಾತು ಇದೆ. ಅದನ್ನು ಆಡಿದಳು.

“ಬಂದೆಯಾ ಮಗನೇ? ಯಾಕೆ ಹೋದೆ ಅಂತ ಕೇಳುವುದಿಲ್ಲ. ಕಾಲು ತೊಳೆದುಕೋ. ಮೊದಲು ಉಣ್ಣು.”

ಮೈಕಿಲ್ಲ, ಏನಿಲ್ಲ. ಕಂಪನಿಯ ಡೇರೆಯಲ್ಲಿ ಕೊನೆಯ ಸಾಲಿಗೆ ಮುಟ್ಟಿಸಿದ ಕಂಠ ಅದು. ಸಾವಿರ ಜನರ ಗದ್ದಲ ಬಾವಿಗೆ ಬಿದ್ದ ಕಲ್ಲಿನಂತೆ ಮುಳುಗಿ ಹೋಯಿತು. ಫ್ಯಾನುಗಳ ಸದ್ದು ಕೇಳಿಸತೊಡಗಿತು. ಮುಂದಿನ ಮಾತು ನಾಯಕನದು. ಅವನಿಗೆ ಅದು ನೆನಪಾಗಲಿಲ್ಲ. ಕನ್ನಡಕ ತೆಗೆದ. ಒಂದು ಗಳಿಗೆ ನಿಂತಿದ್ದು, ವೇದಿಕೆಯಿಂದ ಇಳಿದು ಬಂದು ಅವಳ ಮುಂದೆ ತಲೆ ಬಾಗಿಸಿದ.

ಚಿತ್ರದಲ್ಲಿ ಆ ತಾಯಿ ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು ಮಗನ ಹಣೆಗೆ ಇಡುತ್ತಾಳೆ. ನನ್ನ ತಂಗಿಯ ಹಣೆಯಲ್ಲಿ ಕುಂಕುಮ ಇರಲಿಲ್ಲ. ಇನ್ನೇನು ಮಾಡುತ್ತಾಳೆ ಎಂದು ನಾನು ನೋಡುತ್ತಿದ್ದೆ. ಅವಳು ಸ್ವಲ್ಪವೂ ತಡವರಿಸಲಿಲ್ಲ. ಹಣೆಯ ವಿಭೂತಿಗೆ ಬೆರಳು ತಾಗಿಸಿ ಅವನ ಹಣೆಗೆ ಇಟ್ಟಳು. ಆ ಬೆರಳು ಏಳುವಾಗ ನಾನು ಕಂಡದ್ದು ಅವಳ ಕೈಯಲ್ಲ, ಕಲ್ಲೇಶಪ್ಪನ ಕೈ. ನಲವತ್ತು ವರ್ಷದ ಹಿಂದೆ ಹರಿಹರದ ಡೇರೆಯಲ್ಲಿ ದೀಪದ ಬೆಳಕಿಗೆ ಎದ್ದ ಅದೇ ಕೈ, ಅದೇ ಮಣಿಕಟ್ಟಿನ ತಿರುವು. ಹೆಂಗಸರ ಸಾಲುಗಳಲ್ಲಿ ಕೈಗಳು ತಾವಾಗಿಯೇ ತಮ್ಮ ತಮ್ಮ ಹಣೆಗೆ ಹೋದವು. ವಿಧವೆಯೊಬ್ಬಳು ಶುಭಕ್ಕೆ ಅಡ್ಡ ಬಂದಳೆಂದು ಯಾರ ಮನಸ್ಸಿಗೂ ಬರಲಿಲ್ಲ. ಬರುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಚಪ್ಪಾಳೆ ಬಹಳ ತಡವಾಗಿ ಬಂತು. ಅದರ ನಡುವೆ ಹೆಸರು ಹೇಳಿ, ಹೆಸರು ಹೇಳಿ ಎಂದು ಕೂಗಿದರು. ಗೋಣೆಪ್ಪ ಮೈಕಿನಲ್ಲಿ ಸರ್ವಮಂಗಳಮ್ಮ ಎಂದ. ಜನ ಇನ್ನೊಮ್ಮೆ ಎಂದರು. ಅವನು ಇನ್ನೊಮ್ಮೆ ಕರೆದ, ಈ ಸಲ ಅವಳ ಕಡೆಗೆ ತಿರುಗಿ.

ಅಂಜಿನವ್ವ ಕಣ್ಣೊರೆಸಿಕೊಳ್ಳುತ್ತಾ, ಎಷ್ಟು ಚೆಂದ ಕುಂಕುಮ ಇಟ್ಟಳು ನೋಡಿ ಎಂದಳು. ಅದು ವಿಭೂತಿಯವ್ವ ಎಂದೆ.

“ಸುಮ್ನಿರ್ರಿ ಯಜಮಾನ್ರ. ನಾ ನೋಡ್ಲಿಲ್ಲೇನು? ಕೆಂಪಗೆ ಕಂಡ್ತು.”

ನಾನು ವಾದಿಸಲಿಲ್ಲ. ಏನು ಕಂಡಿತೆಂದು ನನಗೂ ಈಗ ಖಚಿತವಾಗಿ ಹೇಳಲು ಬಾರದು.

ಹೊರಗೆ ಬಂದಾಗ ನಾಯಕಿ ಹುಡುಗಿ ಓಡಿಬಂದು ತಂಗಿಯ ಕಾಲಿಗೆರಗಿದಳು. ಪಿನ್ನು ಹಾಕಿದ ಸೆರಗು ಜಾರಿದರೂ ಸರಿಮಾಡಿಕೊಳ್ಳಲಿಲ್ಲ. ಮನೆ ಸೇರಿದ ಮೇಲೆ ಸರ್ವಮಂಗಳೆ ಗೋಡೆಗೆ ಒರಗಿ ಕೂತಳು. ಕೇಳಿಸಿತೇ ಅವರಿಗೆ ಎಂದು ನನ್ನನ್ನು ಕೇಳಿ, ಮೂರು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ನಾನು ಅವಳಿಗೆ ಕೈಮುಗಿದೆ. ಅಣ್ಣ ತಂಗಿಗೆ ಕೈಮುಗಿಯಬಾರದು ಎನ್ನುತ್ತಾರೆ. ನಾನು ಮುಗಿದದ್ದು ಅವಳೊಬ್ಬಳಿಗೇ ಅಲ್ಲ.

ಮರುದಿನ ನಸುಕಿಗೆ ಎದ್ದು ಮಿಂದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತೆ. ಮಂತ್ರ ಬರಲಿಲ್ಲ. ಬಂದ ಮಾತು ಇಷ್ಟೇ. ತಂದೆಯೇ, ಹೆಣ್ಣಾಗಿ ನಿಂತು ನಿನ್ನ ಚೆಲುವನ್ನು ನಮಗೆ ತೋರಿಸಿದ ಕಲ್ಲೇಶಪ್ಪ ಈಗ ನಿನ್ನಲ್ಲಿಗೆ ಬಂದಿದ್ದಾನೆ. ಅವನು ಬಹಳ ದಣಿದಿದ್ದ. ಹೆಂಡತಿಯ ಹೆಸರು ಕೇಳಲು ಕಾದಿದ್ದ. ಅದು ಅವನಿಗೆ ಕೇಳಿಸುವ ಹಾಗೆ ಮಾಡು. ನಾನು ಆಡಿದ ಅಳುಕಿನ ಮಾತು ಅವನನ್ನು ತಟ್ಟದಿರಲಿ. ನಿನ್ನ ಬಳಿ ಅವನಿಗೆ ಯಾವ ವೇಷವೂ ಬೇಡವಾಗಲಿ. ಅವನ ಆತ್ಮಕ್ಕೆ ನೆಮ್ಮದಿ ಕೊಡು, ಶಿವನೇ.