ಮಗ್ಗದ ಕಲ್ಲು

ಬೆಳಗಿನಿಂದ ಎರ್ರಮ್ಮನಿಗೆ ಆ ಚೀಲದ ಮುಖ ಕಂಡರಾಗುತ್ತಿರಲಿಲ್ಲ. ತುಂಬಿದ್ದು, ತೆಗೆದಿದ್ದು, ಮತ್ತೆ ತುಂಬಿದ್ದು, ಸೊಂಟ ಬಿದ್ದುಹೋಗಿತ್ತು. ಪಂಚೆ, ಟವೆಲ್ಲು, ಹುರಿಗಡಲೆ ಪುಡಿ, ಮೊಣಕಾಲಿಗೆ ಹಚ್ಚುವ ಎಣ್ಣೆ. ನಾಳೆ ಮೊಳಕಾಲ್ಮುರಿನಿಂದ ತಿರುಪತಿಗೆ ಪಾದಯಾತ್ರೆ ಹೊರಡುವವನು ಅವಳ ಗಂಡ ಸೂರಪ್ಪ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯುವ ಆಸಾಮಿ!

ಹೋದ ವರ್ಷ ಎರ್ರಮ್ಮ ಆಪರೇಷನ್ನಿಗೆ ಮಲಗಿದ್ದಾಗ, ಅವಳು ಎದ್ದು ಬಂದರೆ ನಡೆದೇ ಬರುತ್ತೇನೆಂದು ಅವನು ವೆಂಕಟರಮಣನಿಗೆ ಹರಕೆ ಹೊತ್ತಿದ್ದ. ಅವಳು ಎದ್ದಳು. ಅವನ ಮೊಣಕಾಲುಗಳು ಕೂತುಬಿಟ್ಟವು. ತನ್ನ ಜೀವಕ್ಕಾಗಿ ಇವನು ದಾರಿಯಲ್ಲಿ ಎಲ್ಲಾದರೂ ಕುಸಿದು ಬಿದ್ದರೆ, ಆ ಜೀವ ಇಟ್ಟುಕೊಂಡು ತಾನೇನು ಮಾಡಲಿ ಎಂಬ ಭಯ ಅವಳನ್ನು ಹಿಂಡುತ್ತಿತ್ತು.

ಯಾತ್ರೆಯ ಮುಂದಾಳು ಓಬಳೇಶ್ ಮೊದಲೇ ಹೇಳಿದ್ದ. "ಅವರವರ ಚೀಲ ಅವರವರ ಹೆಗಲ ಮ್ಯಾಲೆ. ಟೆಂಪೋ ಇರೋದು ಅಡಿಗೆ ಸಾಮಾನಿಗೆ, ಕಾಲು ಸೋತೋರಿಗೆ ಅಷ್ಟೇಯ."

ಆ ಮಾತಿನಿಂದಲೇ ಎರ್ರಮ್ಮನಿಗೆ ಉಪಾಯ ಹೊಳೆಯಿತು. ಊಟಕ್ಕೆ ಮುಂಚೆ ಗಂಡ ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಸೀರೆಯ ಅಂಚಿನ ಎಳೆಗಳು ಬಿಗಿಯಾಗಿರಲೆಂದು ಮಗ್ಗಕ್ಕೆ ತೂಗುಬಿಟ್ಟಿದ್ದ ಕಲ್ಲನ್ನು ಬಿಚ್ಚಿ, ಪಂಚೆಯಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿದಳು. ಹೊತ್ತು ನೋಡಲಿ, ತಾನಾಗಿಯೇ ಬೇಡವೆನ್ನಲಿ.

ಊಟ ಮುಗಿಸಿ ಸೂರಪ್ಪ ಸ್ವಲ್ಪ ಹೊತ್ತು ಮಗ್ಗಕ್ಕೆ ಕೂತು ಎದ್ದ. ಆಮೇಲೆ ಚೀಲವನ್ನು ಹೆಗಲಿಗೇರಿಸಿದ.

"ಹೆಂಗೈತ್ರಿ?"

"ಹಗುರ ಐತೆ ಬಿಡು."

ಅಂಗಳಕ್ಕೆ ಒಂದು ಸುತ್ತು ಹಾಕಿದ. ಮತ್ತೊಂದು ಸುತ್ತು. ಕುತ್ತಿಗೆಯ ನರ ಉಬ್ಬಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಚೀಲ ಇಳಿಸಿದವನೇ ಜಗಲಿಗೆ ಒರಗಿ ಕಣ್ಣು ಮುಚ್ಚಿದ.

ಇವನ ಹಟಕ್ಕಿಷ್ಟು ಬೆಂಕಿ ಬೀಳ! ಉಪಾಯ ಅವಳ ತಲೆಗೇ ಸುತ್ತಿಕೊಂಡಿತ್ತು. ಸುಮ್ಮನಿದ್ದರೆ ಆ ಕಲ್ಲನ್ನೂ ತಿರುಪತಿಯವರೆಗೆ ಹೊತ್ತೊಯ್ಯುವ ಪೈಕಿ ಇವನು.

ಸಂಜೆ ಅವನು ಓಬಳೇಶನ ಮನೆ ಕಡೆ ಹೋದದ್ದು ನೋಡಿ, ಕಲ್ಲು ತೆಗೆಯಲು ಚೀಲಕ್ಕೆ ಕೈ ಹಾಕಿದಳು. ಪಂಚೆ ಸಿಕ್ಕಿತು, ಕಲ್ಲು ಸಿಗಲಿಲ್ಲ. ತಳದಲ್ಲಿ ಅವಳದೇ ಒಂದು ನೂಲಿನ ಸೀರೆ, ಕಾಗದದಲ್ಲಿ ಸುತ್ತಿದ ಅವಳದೇ ಚಪ್ಪಲಿ. ತಿರುಗಿ ನೋಡಿದರೆ ಕಲ್ಲು ಮಗ್ಗದಲ್ಲಿ ಎಂದಿನ ಜಾಗದಲ್ಲೇ ತೂಗುತ್ತಿತ್ತು.

"ಅಂಚಿನ ಎಳೆ ಸಡಿಲ ಆದ್ರೆ ನನಗೆ ತಿಳಿಯಲ್ವೇನೇ?" ಸೂರಪ್ಪ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದ.

"ಗೊತ್ತಿದ್ದೂ ಯಾಕ್ರಿ ಹೊತ್ರಿ?"

"ನೀನು ನೋಡ್ತಾ ನಿಂತಿದ್ದೆ. ಹೆಂಗೆ ಇಳಿಸ್ಲಿ? ನೀನು ಹಿತ್ತಲಿಗೆ ಹೋದಮ್ಯಾಲೆ ತೆಗೆದು ಮಗ್ಗಕ್ಕೆ ಕಟ್ಟಿದೆ." ಗೋಡೆ ಹಿಡಿದು ಮೆಲ್ಲಗೆ ಕೂತ. "ನನಗಾಗಲ್ಲ, ಎರ್ರಮ್ಮ. ಎರಡೇ ಸುತ್ತಿಗೆ ಗೊತ್ತಾತು."

ಇಷ್ಟು ವರ್ಷದ ಸಂಸಾರದಲ್ಲಿ ಆಗಲ್ಲವೆಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ ಮಾತು. ಆದರೂ ಕೇಳಿದಾಗ, ಅವನು ಹಾಗೆನ್ನಬಾರದಿತ್ತು ಎನಿಸಿತು.

"ಓಬಳೇಶಂಗೆ ಹೇಳಿ ಬಂದೀನಿ. ನೀನೂ ಟೆಂಪೋದಾಗೆ ಬಾ. ಆದಷ್ಟು ದೂರ ನಾನು ನಡೀತೀನಿ. ಕಾಲು ಸೋತಾಗ ನಾನು ಟೆಂಪೋ ಹತ್ತತೀನಿ, ನೀನು ಇಳಿದು ನಡಿ. ಉಳಿದಿದ್ದು ನಿನ್ನ ಜೀವ ಅಲ್ವೇನೇ?"

ಎರ್ರಮ್ಮ ಚೀಲದಿಂದ ಚಪ್ಪಲಿ ತೆಗೆದು ಬಾಗಿಲಾಚೆ ಇಟ್ಟಳು. ಸೂರಪ್ಪನ ಮುಖ ಇಳಿದುಹೋಯಿತು.

"ಬರಲ್ವಾ?"

"ಹರಕೆಗೆ ನಡೆಯೋರು ಚಪ್ಪಲಿ ಹಾಕ್ತಾರೇನ್ರಿ?" ಎಂದವಳೇ, ಎಣ್ಣೆಯ ಇನ್ನೊಂದು ಸೀಸೆ ಹುಡುಕಲು ಒಳಗೆ ಹೋದಳು.