ಒಣಗದ ಹೊಳಪು

ಭಾವನಿಗೆ ಹಾಡು ಕೇಳುವುದಕ್ಕಿಂತ ಹಾಡು ಬರುವ ಪೆಟ್ಟಿಗೆಯನ್ನು ನೋಡುವುದರಲ್ಲೇ ಸುಖ. ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ತಾನೇ ಕೊಯ್ದು, ಜೋಡಿಸಿ, ಬಣ್ಣ ಹಚ್ಚುತ್ತಿದ್ದ. ಕೊಯ್ಯುವುದು, ಜೋಡಿಸುವುದು ಪರವಾಗಿಲ್ಲ. ಬಣ್ಣದ ಡಬ್ಬಿ ತೆರೆದನೆಂದರೆ ಮಾತ್ರ ತಲೆ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ತನ್ನ ಮೀಸೆ ಕಾಣುವವರೆಗೂ ಕೋಟಿನ ಮೇಲೆ ಕೋಟು. ಕಂಡ ಮೇಲೆ ಅದನ್ನು ತಿದ್ದಿಕೊಳ್ಳಲು ಅರ್ಧ ಗಂಟೆ.

ಅಕ್ಕನ ಮನೆಯಲ್ಲೇ ಇದ್ದ ನಾದಿನಿಯ ಕೆಲಸ ಉಜ್ಜುವುದು. ಬೆಳಗಿನಿಂದ ಸಂಜೆಯವರೆಗೆ ಪ್ಲೈವುಡ್ ಉಜ್ಜಿ ಉಜ್ಜಿ ಅವಳ ಹುಬ್ಬಿನ ಮೇಲೂ ಪುಡಿ. ಬಾಯಿ ಬಿಡುವವಳಲ್ಲ, ಕಣ್ಣು ಮುಚ್ಚುವವಳೂ ಅಲ್ಲ. ಭಾವನ ಪೆಟ್ಟಿಗೆಗಳು ವ್ಯಾನು ಹತ್ತಿ ಇಳಿದು ಬಂದಾಗ ಹೇಗಿರುತ್ತವೆಂದು ನೋಡಿದ್ದಳು: ಮೂಲೆಯ ಬಣ್ಣ ಎದ್ದು, ಮೈತುಂಬ ಬೆಕ್ಕು ಪರಚಿದಂಥ ಗೀರು. "ಹೊರೋರಿಗೆ ಸಂಸ್ಕಾರ ಇಲ್ಲ" ಎಂದು ಬೈದು ಭಾವ ಮತ್ತೆ ಹೊಳಪೇ ಹಚ್ಚುತ್ತಿದ್ದ.

ಈ ಸಲದ್ದು ಹಾಗೆ ಬೈದು ಮರೆಯುವ ವಿಷಯವಲ್ಲ. ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಯಜಮಾನರೊಬ್ಬರು ಹನ್ನೆರಡು ಪೆಟ್ಟಿಗೆ ಬೇಕೆಂದಿದ್ದರು. ಎರಡು ವಾರ ಬಿಟ್ಟು ಶನಿವಾರ ಮಾದರಿ ನೋಡಲು ಬರುವವರಿದ್ದರು. ಅದು ಕೈತಪ್ಪಿದರೆ ಶೆಡ್ಡು ಮುಚ್ಚುವುದು. ನಾದಿನಿಯನ್ನು ಸೋದರತ್ತೆಯ ಮನೆಗೆ ಕಳಿಸುವುದು, ಅವರ ಅವಳಿ ಮೊಮ್ಮಕ್ಕಳನ್ನು ಆಡಿಸಲು. ಆ ಅವಳಿಗಳ ಕೈಗೆ ಅವಳು ಹಿಂದೊಮ್ಮೆ ಒಂದು ವಾರ ಸಿಕ್ಕಿದ್ದಳು. ಈಗಲೂ ಎಲ್ಲಾದರೂ ಎರಡು ಮಕ್ಕಳು ಒಟ್ಟಿಗೆ ಅತ್ತರೆ ಎದೆ ಝಲ್ಲೆನ್ನುತ್ತಿತ್ತು.

ಅದಕ್ಕೇ ಬಾಯಿ ಬಿಟ್ಟಳು. "ಭಾವ, ಹೊಳಪು ಬೇಡ ಅನ್ಸುತ್ತೆ. ದಪ್ಪ ಬಣ್ಣಾನ ರೋಲರಲ್ಲಿ ಹಚ್ಚಿದ್ರೆ ತರಿತರಿಯಾಗಿ ಕೂರುತ್ತೆ. ಏಟು ತಿಂದ್ರೂ ಕಾಣಲ್ಲ."

"ತರಿತರಿನಾ? ಏನಮ್ಮ, ಇದು ಸ್ಪೀಕರೋ ಮೊಸಳೆ ಬೆನ್ನೋ?"

ಅಡುಗೆಮನೆಯಿಂದ ಅಕ್ಕ ಕೂಗಿದಳು, "ವರ್ಷಕ್ಕೊಂದು ಮಾತಾಡ್ತಾಳೆ, ಅದನ್ನಾದ್ರೂ ಕೇಳ್ರೀ!"

"ಕೇಳ್ದೆ ಕಣೇ. ಮುಂದಿನ ವರ್ಷದ್ದಕ್ಕೆ ಕಾಯ್ತೀನಿ."

ತೂತು ಸೊಟ್ಟಗೆ ಕೊಯ್ದು ಮೂಲೆಗೆಸೆದಿದ್ದ ಒಂದು ಪೆಟ್ಟಿಗೆಯನ್ನು ನಾದಿನಿ ಎಳೆದುಕೊಂಡಳು. ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದಳು. ಪ್ಲೈವುಡ್ಡಿನ ಅಂಚು ಎಷ್ಟು ಬಣ್ಣ ಕೊಟ್ಟರೂ ಬಾಯಾರಿದವರಂತೆ ಕುಡಿಯುತ್ತದೆ. ಬಡಗಿ ಗೋಂದನ್ನು ನೀರಲ್ಲಿ ಕದಡಿ ಬಳಿದು ಅದರ ಬಾಯಿ ಮುಚ್ಚಿಸಿದಳು. ಆಮೇಲೆ ರೋಲರಿನಿಂದ ಎರಡೇ ಕೋಟು ದಪ್ಪ ಕಪ್ಪು. ಕಿಟಕಿಯ ಪಕ್ಕ ಇಟ್ಟು, ಹತ್ತು ದಿನ ಅದರ ಸುದ್ದಿಗೇ ಹೋಗಲಿಲ್ಲ.

ಭಾವ ಶುಕ್ರವಾರ ಮಧ್ಯಾಹ್ನ ಹದಿನಾಲ್ಕನೆಯ ಕೋಟು ಮುಗಿಸಿದ. ಸಂಜೆಗೆ ಬೆರಳಿಟ್ಟು ನೋಡಿದ, ಅಂಟಲಿಲ್ಲ. ಇನ್ನು ಧೂಳು ಕೂರಬಾರದೆಂದು ಅಕ್ಕ ದಾರದಲ್ಲಿ ಹೂವು ಹೂವಾಗಿ ಹೆಣೆದಿದ್ದ ಮೇಜಿನ ಹೊದಿಕೆ ತಂದು ಹೊದಿಸಿ, ಗಾಳಿಗೆ ಹಾರಬಾರದೆಂದು ಸುತ್ತಲೂ ಹಗ್ಗ ಬಿಗಿದ.

"ಒಳಗಿನ್ನೂ ಮೆತ್ತಗಿದೆ, ಭಾವ."

"ನಿನ್ನ ಈ ವರ್ಷದ್ದು ಆಯ್ತಲ್ಲಮ್ಮ."

ಶನಿವಾರ ಬೆಳಗ್ಗೆ ಯಜಮಾನರು ಬಂದರು. ಭಾವ ಇಸ್ತ್ರಿ ಅಂಗಿ ತೊಟ್ಟು ಹಗ್ಗ ಬಿಚ್ಚಿದ, ಹೊದಿಕೆಯ ತುದಿ ಹಿಡಿದು ಪರದೆ ಸರಿಸುವವನಂತೆ ಎಳೆದ. ಹೊದಿಕೆ ಬರಲಿಲ್ಲ. ಇನ್ನೊಮ್ಮೆ ಎಳೆದ. ಪೆಟ್ಟಿಗೆಯೇ ಬಂತು. ಕೊನೆಗೆ ಕಾಲು ಕೊಟ್ಟು ಕಿತ್ತಾಗ ಹದಿನಾಲ್ಕು ಕೋಟಿನ ಮೇಲೆ ಸಾಲುಸಾಲು ಹೂವಿನ ಅಚ್ಚು, ನಡುನಡುವೆ ದಾರದ ಚೂರು.

ಭಾವ ಮೀಸೆ ತಿದ್ದಿಕೊಂಡ. "ಇದು... ಹೊಸ ಡಿಸೈನ್ ಸಾರ್."

"ಚೆನ್ನಾಗಿದೆ. ಸೊಸೆ ಮನೆತುಂಬಿಸ್ಕೊಳೋ ಹಾಗಿದೆ. ನಾನು ಇದನ್ನ ವ್ಯಾನಿಗೆ ಎಸೀಬೇಕಲ್ಲಪ್ಪಾ."

ಯಜಮಾನರ ಕಣ್ಣು ಕಿಟಕಿಯ ಕಡೆ ಹೋಯಿತು. ಹತ್ತಿರ ಹೋಗಿ ಬೀಗದ ಕೈ ಗೊಂಚಲಿನಿಂದ ಕಪ್ಪು ಪೆಟ್ಟಿಗೆಯನ್ನು ಗೀರಿದರು. ಬೂಟಿನಿಂದ ಮೂಲೆಗೆ ಒದ್ದರು. ಕೈಯಿಂದ ಒರೆಸಿ ನೋಡಿದರೆ ಏನೂ ಆಗಿಲ್ಲ.

"ಇದ್ಯಾರು ಮಾಡಿದ್ದು?"

"ನಾನೇ ಸಾರ್!" ಎಂದ ಭಾವ.

"ಎಷ್ಟು ದಿನ ಒಣಗಿಸಿದ್ರಿ?"

"ದಿನ ಯಾಕೆ ಸಾರ್, ಒಂದ್ ರಾತ್ರಿ ಸಾಕು. ಕೈಗುಣ."

ಯಜಮಾನರು ಹೂವಿನ ಪೆಟ್ಟಿಗೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದರು. "ಹಾಗಾದ್ರೆ ನಾಳೆ ಹನ್ನೆರಡೂ ಒಂದಕ್ಕೊಂದು ಅಂಟ್ಕೊಂಡು ಕೂತಿರ್ತವೆ. ಬರ್ತೀನಪ್ಪ." ಬಾಗಿಲ ಕಡೆ ಹೊರಟೇಬಿಟ್ಟರು.

ನಾದಿನಿಯ ಕಿವಿಯಲ್ಲಿ ಎರಡು ಮಕ್ಕಳು ಒಟ್ಟಿಗೆ ಅತ್ತವು.

"ಹತ್ತು ದಿನ" ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಯಜಮಾನರು ತಿರುಗಿದರು. "ಅಂಚಿಗೇನು ಹಾಕಿದ್ದೀಯ?"

"ಗೋಂದು, ನೀರು. ಎರಡು ಸಲ. ನಡುವೆ ಒಂದ್ಸಲ ಉಜ್ಜಿದೀನಿ."

"ಯಾರು ಮಾಡಿದ್ದು ಅಂತ ಈಗ ಗೊತ್ತಾಯ್ತು ಬಿಡು." ಅವರು ಭಾವನಿಗೆ ಹೇಳಿದರು, "ಹನ್ನೆರಡಕ್ಕೂ ಇದೇ ಬಣ್ಣ. ಹಚ್ಚೋದು ಈ ಹುಡುಗಿ. ಆಗುತ್ತಾ?"

"ಧಾರಾಳವಾಗಿ ಸಾರ್. ಎಲ್ಲಾ ನಾನು ಕಲಿಸಿದ್ದೇ ಅಲ್ವಾ."

ಯಜಮಾನರು ಅವನನ್ನು ಕೇಳಿಸಿಕೊಳ್ಳಲೇ ಇಲ್ಲ. "ನಿನಗೇನೇನು ಬೇಕಮ್ಮ? ರೋಲರು, ಬಣ್ಣ?"

ಅವಳು ನೆಲ ನೋಡಿದಳು. "ಹಚ್ಚಿದ್ಮೇಲೆ ಹತ್ತು ದಿನ ಯಾರೂ ಮುಟ್ಟಬಾರ್ದು."

"ಇಲ್ಲಿ ಯಾರಮ್ಮ ಮುಟ್ತಾರೆ?" ಎಂದು ಭಾವ ದೊಡ್ಡದಾಗಿ ನಕ್ಕ.

"ನೀವೇ, ಭಾವ."