ಮಡಚದ ಹಾಳೆ

ಕಾವಲುಗಾರನ ಎಡಗಾಲಿನ ಬೂಟು ಮಾತ್ರ ಕಿರುಗುಟ್ಟುತ್ತದೆ, ಬಲಗಾಲಿನದು ಸುಮ್ಮನಿರುತ್ತದೆ, ಒಂದೇ ದಿನ ಕೊಂಡ ಜೋಡಿಯಲ್ಲಿ ಒಂದು ಹೀಗೆ ಇನ್ನೊಂದು ಹಾಗೆ ಹೇಗಾಯಿತೋ, ಎಡಕ್ಕೆ ಭಾರ ಹಾಕಿ ನಡೆಯುತ್ತಾನೋ ಏನೋ, ಕೇಳಿದರೆ ತಪ್ಪು ತಿಳಿದಾನು — ಹತ್ತೂಮುಕ್ಕಾಲಾಯಿತು, ಮ್ಯೂಸಿಯಂ ಮೆಟ್ಟಿಲಿನ ಮೇಲೆ ಎರಡು ಟಿಕೆಟ್ ಹಿಡಿದು ನಿಂತು ಯಾರದೋ ಬೂಟಿನ ವಿಚಾರ ಯೋಚಿಸುವ ಹೊತ್ತೇ ಇದು, ತನ್ನ ಮೇಲೆ ತನಗೇ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತೂಕಾಲಿಗೆ ಹೆಂಡತಿ ಇಲ್ಲಿರಬೇಕಿತ್ತು. ರಜೆಗೆಂದು ಮಾಡಿದ ಹಾಳೆಯಲ್ಲಿ ಬರೆದಿದ್ದಾನಲ್ಲ, ಹತ್ತೂಕಾಲು, ಮ್ಯೂಸಿಯಂ, ಬಾಗಿಲಿನ ಬಲಗಡೆ, ನೆರಳಿರುವಲ್ಲಿ. ನೆರಳು ಆಗಲೇ ಎರಡು ಮೆಟ್ಟಿಲು ಸರಿದಿದೆ, ಅವನೂ ಅದರ ಜೊತೆ ಸರಿದಿದ್ದಾನೆ, ಅವಳು ಬಂದು ಮೊದಲಿನ ಜಾಗದಲ್ಲಿ ಹುಡುಕಿದರೆ ಎಂದು ಮತ್ತೆ ಬಿಸಿಲಿಗೇ ಬಂದ. ಟಿಕೆಟ್ಟಿನ ಸಾಲು ಉದ್ದವಿರುತ್ತದೆಂದು ಎಂಟಕ್ಕೇ ಲಾಡ್ಜು ಬಿಟ್ಟವನು, ಸಾಲೇ ಇರಲಿಲ್ಲ, ಬಾಗಿಲೂ ತೆರೆದಿರಲಿಲ್ಲ. ಹೊರಡುವಾಗ ಅವಳು ಬಚ್ಚಲಲ್ಲಿದ್ದಳು, ಬಾಗಿಲ ಹೊರಗಿನಿಂದಲೇ ಕೂಗಿದ, ಹಾಳೇಲಿ ಮೊದಲ ಚೌಕ ನೋಡ್ಕೊಂಡು ಬಾ, ನಾನು ಮುಂಚೆ ಹೋಗಿರ್ತೀನಿ, ನೀರಿನ ಸದ್ದಿನ ಒಳಗಿಂದ ಹೂಂ ಅಂದಳು, ಅದು ಹೂಂ ತಾನೇ. ಫೋನ್ ಮಾಡಬಹುದಿತ್ತು, ಫೋನು — ಪ್ಯಾಂಟಿನ ಎಡ ಜೇಬಿನಲ್ಲಿ ಅವನದು, ಬಲ ಜೇಬಿನಲ್ಲಿ ಅವಳದು, ದೊಡ್ಡ ಊರಿನಲ್ಲಿ ಕಳೆದುಹೋದೀತೆಂದು ಎರಡನ್ನೂ ಜೋಪಾನವಾಗಿ ತಾನೇ ಇಟ್ಟುಕೊಂಡಿದ್ದ, ಇಂಥ ಬುದ್ಧಿವಂತಿಕೆ ಯಾರಿಗೆ ಹೊಳೆದೀತು.

ನಾಲ್ಕು ದಿನದ ರಜೆ, ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು. ಬೈಂಡಿಂಗ್ ಅಂಗಡಿಯ ಮಾಲೀಕರು ಕನ್ನಡಕ ಹಣೆಗೇರಿಸಿ, ರಜೆ ತಗೊಂಡು ಏನ್ ಮಾಡ್ತೀಯೋ, ನಿನಗೆ ಬರುತ್ತಾ ಅದು, ಎಂದು ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದ್ದರು, ಅವನಿಗೂ ಅದೇ ಅನುಮಾನವಿತ್ತು, ರಜೆ ಎಂದರೆ ಎಷ್ಟನ್ನು ಮೊದಲೇ ಗೊತ್ತು ಮಾಡಬೇಕು, ಎಷ್ಟನ್ನು ಬಿಡಬೇಕು, ಇದನ್ನು ಎಲ್ಲಿ ಕಲಿಸುತ್ತಾರೆ. ಪರೀಕ್ಷೆಗೆಂದು ಹೋಗುತ್ತಿದ್ದ ಸಂಜೆ ತರಗತಿಯಲ್ಲಿ ಕಲಿತದ್ದು ಒಂದೇ, ಉತ್ತರ ಬರೆಯುವ ಮುಂಚೆ ಟಿಪ್ಪಣಿ ಮಾಡಿಕೊಳ್ಳಬೇಕು. ಮೂರು ವಾರ ಟಿಪ್ಪಣಿ ಮಾಡಿದ. ಯಾವ ಬಸ್ಸು, ಎಲ್ಲಿ ಇಳಿಯುವುದು, ಎಲ್ಲಿ ಕುಡಿಯುವ ನೀರು, ಎಲ್ಲಿ ಕೂರಲು ಬೆಂಚು. ನಾದಿನಿ ಬಂದವಳು ಹಾಳೆಯನ್ನು ಓದಿ, ಭಾವ, ಸೀನೋಕೆ ಟೈಮ್ ಬರೆದಿಲ್ವಲ್ಲ, ನಮ್ಮಕ್ಕನಿಗೆ ಬಿಸಿಲಿಗೆ ಹೋದ್ರೆ ಸೀನು ಬರುತ್ತೆ, ಎಂದಳು, ಅಂಗಡಿಯ ಹೊಲಿಗೆಯವನು ದಾರ ಕಚ್ಚುತ್ತಲೇ, ಹೆಂಡತೀನ ಊರು ನೋಡೋಕೆ ಕರ್ಕೊಂಡ್ ಹೋಗ್ತಿದೀಯೋ ಬೈಂಡ್ ಮಾಡ್ಸೋಕೋ, ಎಂದ, ನಗಲಿ, ನಕ್ಕವರಿಗೆ ಆ ಬೀಗದ ವಿಚಾರ ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ಪಕ್ಕದ ಊರಿನ ಮೃಗಾಲಯಕ್ಕೆಂದು ಕರೆದುಕೊಂಡು ಹೋಗಿ ಗೇಟಿನ ಬೀಗದ ಮುಂದೆ ನಿಂತಿದ್ದು, ಇಂದು ವಾರದ ರಜೆ ಎಂಬ ಹಲಗೆ, ಒಳಗಿಂದ ಯಾವುದೋ ಪ್ರಾಣಿ ಕೂಗಿತ್ತು, ಯಾವುದದು, ಇವತ್ತಿಗೂ ತಿಳಿಯದು. ಸಂಜೆಯ ಬಸ್ಸಿನವರೆಗೆ ನಿಲ್ದಾಣದ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿಂದರು. ಅವಳು ದೂರಲಿಲ್ಲ, ಆ ಕೂಗು ನವಿಲಿನದೋ ಕತ್ತೆಯದೋ ಎಂದು ದಾರಿಯುದ್ದಕ್ಕೂ ವಾದ ಮಾಡಿದಳು, ಅವನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಇನ್ನು ಹಾಗಾಗಬಾರದು, ಆಗಲಿಲ್ಲ, ನಿನ್ನೆ ಬಸ್ಸು ಸರಿಯಾದ ಹೊತ್ತಿಗೇ ಈ ಊರಿನೊಳಗೆ ಬಂತು, ಅವಳು ಕಿಟಕಿಗೆ ಹಣೆಯೊತ್ತಿ ಕೂತಿದ್ದಳು, ರೀ, ಅದು ನೋಡಿ. ಎರಡು ಅಂಗಡಿಗಳ ನಡುವೆ ಒಂದಾಳು ಹಿಡಿಯುವಷ್ಟು ಸಂದು, ಅದರೊಳಗೆ ಮೇಲಕ್ಕೆ ಹೋಗುವ ಮೆಟ್ಟಿಲು, ಕೆಂಪು ಕಂಬಿ, ಏಳು ಮೆಟ್ಟಿಲು ಕಾಣಿಸುತ್ತದೆ, ಆಮೇಲೆ ತಿರುವು. ಎಲ್ಲಿಗ್ ಹೋಗುತ್ತೆ ಅದು. ಯಾರದೋ ಮನೆ ಇರಬೇಕು ಕಣೆ. ಮನೆಯಾದ್ರೆ ಅಷ್ಟು ಕೆಂಪು ಯಾಕೆ ಬಳಿತಾರೆ, ನೋಡ್ಬೇಕಲ್ಲ. ನೋಡೋಣ, ಅಂದಿದ್ದ, ನೋಡೋಣ ಎಂದರೆ ಹಾಳೆಯಲ್ಲಿ ಇಲ್ಲ ಎಂದು ಅರ್ಥ, ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದರಿಂದ ಮೆಟ್ಟಿಲು ಎಣಿಸಿದ್ದ, ಹಾಳೆ ಎಣಿಸುವ ಕೈ, ಕಣ್ಣೂ ಎಣಿಸುತ್ತದೆ, ಏಳು.

ರಾತ್ರಿ ತಲೆ ಬಾಚುತ್ತಾ ಅವಳು ಹೇಳಿದ್ದು, ಸಿಟ್ಟಿಲ್ಲದೆ, ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ನಾಳೆ ಬೆಳಗ್ಗೆ ಒಂದು ಹೊತ್ತು ನೋಡ್ತೀನಿ, ಇವತ್ತಿನ ಥರ ಗಡಿಯಾರ ಹಿಡಿದು ಓಡಿಸಿದ್ರೆ ಹನ್ನೆರಡರ ಬಸ್ಸಿಗೆ ನಾನು ಊರಿಗೆ, ಮಿಕ್ಕಿದ್ದನ್ನ ನೀವೇ ನೋಡ್ಕೊಂಡು ಬನ್ನಿ. ನಾಳೆ ಎಲ್ಲಿಗೆ, ಅದನ್ನಾದ್ರೂ ಬಾಯಲ್ಲಿ ಹೇಳಿ, ಎಂದಳು. ಹಾಳೆಯಲ್ಲಿದೆ, ನೋಡಿದ್ರೆ ಗೊತ್ತಾಗುತ್ತೆ, ಎಂದಿದ್ದ, ಜಂಬ, ಇನ್ನೇನು. ಈಗ ಹನ್ನೊಂದಾಯಿತು. ಯಾರೋ ಕೈಗೆ ತುರುಕಿದ ಯಾವುದೋ ಜಾಹೀರಾತಿನ ಚೀಟಿ, ಬೆರಳುಗಳು ತಮ್ಮಷ್ಟಕ್ಕೆ ಮಡಚುತ್ತಿವೆ, ಒಮ್ಮೆ ಅಡ್ಡ, ಒಮ್ಮೆ ಉದ್ದ, ಉಗುರಿನಿಂದ ಗೆರೆ ಒತ್ತಿ, ಎಂಟು ಪುಟದ ಪುಟ್ಟ ಪುಸ್ತಕ, ಅಂಗಡಿಯಲ್ಲಿ ದಿನಕ್ಕೆ ಸಾವಿರ ಮಡಚುವುದು ಹೀಗೇ, ರಜೆಯ ಹಾಳೆಯೂ ಹೀಗೇ, ನಿನ್ನೆಯ ಪ್ರಯಾಣ ಲೆಕ್ಕಕ್ಕಿಲ್ಲ, ನಾಲ್ಕು ದಿನಕ್ಕೆ ಎಂಟು ಹೊತ್ತು, ಹೊತ್ತಿಗೊಂದು ಪುಟ, ಎಷ್ಟು ಚೆನ್ನಾಗಿ ಕೂತಿತ್ತು ಲೆಕ್ಕ. ಎಂಟನೆಯದು ಬೋಳು. ಆ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ, ಅಲ್ಲದೆ ಕೊನೆಯ ಪುಟದ ಮೇಲೆ ಏನೂ ಬರೆಯುವುದಿಲ್ಲ ಅವನು, ಅಂಗೈ ಬೆವರು, ಮೇಜಿನ ಕೊಳೆ ಎಲ್ಲ ಅದಕ್ಕೇ ಮೆತ್ತುವುದು. ಆ ಹಾಳೆಯನ್ನು ಮಡಚಲಿಲ್ಲ ಮಾತ್ರ. ದಪ್ಪ ಕಾಗದ, ಮಡಿಕೆ ಒತ್ತುವ ಎಲುಬಿನ ಪಟ್ಟಿ ಅಂಗಡಿಯಲ್ಲೇ ಉಳಿದಿತ್ತು, ಬೆರಳಿನಲ್ಲಿ ಮಡಚಿದರೆ ಮಡಿಕೆಯ ಬೆನ್ನು ಒಡೆಯುತ್ತದೆ, ಲಾಡ್ಜಿನಲ್ಲಿ ಚಮಚವಾದರೂ ಸಿಕ್ಕೀತು ಎಂದು ಸುರುಳಿ ಸುತ್ತಿ ಅವಳ ಚೀಲದಲ್ಲಿಟ್ಟಿದ್ದ, ಚಮಚ ಮರೆತ. ಸುರುಳಿ. ಚೀಟಿಯನ್ನು ಬಿಡಿಸಿ ಮೆಟ್ಟಿಲ ಮೇಲೆ ಅಂಗಾತ ಹಾಸಿದ. ಮಡಚಿದಾಗ ಸರಿಯಾಗಿ ಬರಲೆಂದು ಬಿಡಿ ಹಾಳೆಯಲ್ಲಿ ಪುಟಗಳು ಹಿಂದುಮುಂದಾಗಿರುತ್ತವೆ, ಮೇಲಿನ ಸಾಲು ತಲೆಕೆಳಗು, ಕೆಳಗಿನ ಸಾಲಿನಲ್ಲಿ ಒಂದನೆಯ ಪುಟ ಬಲಗಡೆ, ಎಡಗಡೆ — ಎಡಗಡೆ ಎಂಟನೆಯದು. ಅಂಕಿಯನ್ನೂ ಹಾಕಿರಲಿಲ್ಲ, ಮಡಿಕೆಯೇ ಅಂಕಿ ಅಲ್ಲವೇ ಎಂದುಕೊಂಡಿದ್ದ, ಲೋಕವೆಲ್ಲ ಬೈಂಡಿಂಗ್ ಅಂಗಡಿ ಎಂದುಕೊಂಡವನು. ನೆಟ್ಟಗಿರುವ ಸಾಲನ್ನು ಎಡದಿಂದ ಓದುವ ಯಾರಿಗೂ ಮೊದಲ ಚೌಕ ಖಾಲಿ. ಏನೂ ಇಲ್ಲ. ಮೂರು ವಾರದ ಟಿಪ್ಪಣಿಯ ಮೊದಲ ಉತ್ತರ, ಏನೂ ಇಲ್ಲ.

ಖಾಲಿ ಚೌಕ ನೋಡಿ ಹೆಂಗಸು ಏನು ಮಾಡುತ್ತಾಳೆ, ಹನ್ನೆರಡರ ಬಸ್ಸು ಹತ್ತುತ್ತಾಳೆ. ನೀಲಿ ಸೀರೆಯವರು ಬಂದ್ರೆ ಕೂರಿಸಿ, ಎಂದು ಕಾವಲುಗಾರನಿಗೆ ಎರಡು ಟಿಕೆಟ್ಟೂ ಕೊಟ್ಟು ಬೀದಿಗಿಳಿದ, ನೀಲಿಯೋ ಹಸಿರೋ, ಇವತ್ತು ಏನುಟ್ಟಿದ್ದಾಳೆ ಎಂದು ಅವನು ನೋಡಿಯೇ ಇಲ್ಲ. ಬಸ್ ನಿಲ್ದಾಣಕ್ಕೆ ನಿನ್ನೆ ಬಂದ ದಾರಿಯೇ, ಓಡಬೇಕು, ಓಡುವಾಗ ಕಣ್ಣಿಗೆ ಬೀಳುವುದನ್ನು ಏನು ಮಾಡಲಿ, ಬೀಗದ ಅಂಗಡಿಯ ಮುಂದೆ ಕೀಲಿಕೈಗಳ ತೋರಣ, ಯಾವ ಬಾಗಿಲಿನವು ಇಷ್ಟೊಂದು, ಮುದುಕನೊಬ್ಬ ಗಾಜು ಹೊತ್ತು ರಸ್ತೆ ದಾಟುತ್ತಿದ್ದಾನೆ, ಗಾಜಿನಲ್ಲಿ ಎದುರು ಬದಿಯ ಅಂಗಡಿಗಳು ನಡೆಯುತ್ತಿವೆ, ಅಂಗಡಿಗಳ ನಡುವೆ ಕೆಂಪು. ನಿಂತ. ಅದೇ ಸಂದು. ನಾಲ್ಕನೆಯ ಮೆಟ್ಟಿಲಿನ ಮೇಲೆ, ಹಸಿರು ಸೀರೆ, ತೊಡೆಯ ಮೇಲೆ ಸುರುಳಿ ಹಾಳೆ. ಮುಂಚೆ ಹೋಗಿರ್ತೀನಿ ಅಂದೋರು ಈಗ ಬರ್ತಿದೀರಾ, ಒಂದೂವರೆ ಗಂಟೆಯಾಯ್ತು ಇಲ್ಲಿ ಕೂತು, ನಾನೊಬ್ಳೇ ಹತ್ತಬಹುದಿತ್ತು, ಹತ್ತಲಿಲ್ಲ. ಏದುಸಿರು ಬಿಡುತ್ತಾ ಮೊದಲ ಮೆಟ್ಟಿಲಿನ ಬುಡಕ್ಕೆ ಬಂದ. ಅವಳು ಸುರುಳಿಯನ್ನು ಮೊಣಕಾಲಿಗೆ ತಟ್ಟಿದಳು, ಬಿಚ್ಚಿ ಮೊದಲನೇ ಚೌಕ ನೋಡಿದೆ, ಖಾಲಿ, ನೋಡೋಣ ಅಂದಿದ್ರಲ್ಲ ಬಸ್ಸಲ್ಲಿ, ಈ ಮೆಟ್ಟಿಲಿಗೇ ಬಿಟ್ಟಿದಾರೆ ಅಂತ ಗೊತ್ತಾಯ್ತು, ನಿಮಗೆ ಹೀಗೂ ಯೋಚನೆ ಬರುತ್ತಾ ಅಂತ ಇಲ್ಲಿವರೆಗೂ ನಕ್ಕೊಂಡೇ ಬಂದೆ. ಅದು, ಎಂದ ಅವನು, ಅದು — ಹೇಳಬೇಕು, ಎಂಟನೆಯ ಪುಟ ಎಂದು ಹೇಳಲೇಬೇಕು, ಸುಳ್ಳಿನ ಮೇಲೆ ನಾಲ್ಕು ದಿನ ಕಳೆಯುವುದು ಹೇಗೆ, ಈಗ ಹೇಳಿದರೆ ಆ ನಗು, ಹೇಳದಿದ್ದರೆ ಮಿಕ್ಕ ಚೌಕಗಳು, ನಾಳೆ ಅವಳು ತಲೆಕೆಳಗಾದ ಸಾಲನ್ನು ಓದಿ ಕೇಳಿದರೆ — ಏನೋ ಅಂದ್ರಲ್ಲ, ಎನ್ನುತ್ತಾ ಅವಳು ಆಗಲೇ ಎದ್ದು ಐದನೆಯದರ ಮೇಲಿದ್ದಳು, ಆರು, ಮೇಲಿನಿಂದ ಯಾವುದೋ ಸದ್ದು, ಹಕ್ಕಿಯದೋ ಹೊಲಿಗೆ ಯಂತ್ರದ್ದೋ, ಕಂಬಿಗೆ ಕೈಯಿಟ್ಟ, ಬಿಸಿಲಿಗೆ ಕಾದಿದೆ, ಏಳನೆಯ ಮೆಟ್ಟಿಲು, ಕೆಂಪು, ತಿರುವಿನಲ್ಲಿ ಹಸಿರು ಸೆರಗಿನ ತುದಿ, ಏಳನೆಯ ಮೆಟ್ಟಿಲು, ಹೇಳುವುದನ್ನು ಬಾಯಲ್ಲೇ ಇಟ್ಟುಕೊಂಡು ಅವನೂ ಹತ್ತಿದ, ಅಲ್ಲಿಂದ ತಿರುವು, ಕೆಂಪು.